ನೀರು ನೋಡಿಕೊಂಡು ಪಾಠ

"ಮಕ್ಕಳು ಯಾವ ಶಾಲೆ?" ಅಂತ ಯಾರಾದರೂ ಕೇಳಿದರೆ ನಾನು ಮೂರು ವರ್ಷ ಮಾತು ತಿರುಗಿಸಿದ್ದೇನೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಕ್ಯೂನಲ್ಲಿ. "ಮನೇಲೇ ಹೇಳಿಕೊಡ್ತೀವಿ" ಅಂದರೆ ಮುಂದಿನ ಪ್ರಶ್ನೆ ಬಂದೇ ಬರುತ್ತಿತ್ತು, ಮತ್ತೆ ಅರ್ಧ ಗಂಟೆ ನಾನು ಕಟಕಟೆಯಲ್ಲಿ ನಿಂತ ಹಾಗೆ. ಈಗ ದೊಡ್ಡವಳು ಶಾಲೆಗೆ ಹೋಗುತ್ತಿದ್ದಾಳೆ, ಸಣ್ಣವನು ಇನ್ನೂ ಮನೆಯಲ್ಲೇ ಇದ್ದಾನೆ. ಹಾಗಾಗಿ ಸ್ವಲ್ಪ ಸಮಾಧಾನವಾಗಿ ಬರೆಯಬಹುದು ಅನ್ನಿಸಿತು.

ನಮ್ಮ ಮನೆ ಇರುವುದು ಒಂದು ಕುದ್ರುವಿನಲ್ಲಿ. ಬಯಲುಸೀಮೆಯವರಿಗೆ ಹೇಳಬೇಕೆಂದರೆ, ಹೊಳೆ ನಡುವೆ ಮಣ್ಣು ಕೂತು ಕೂತು ಆದ ಪುಟ್ಟ ದ್ವೀಪ. ನಾನೂ ತಿಪಟೂರು ಕಡೆಯವಳೇ. ತೆಂಗಿನಮರ ಬಿಟ್ಟರೆ ಇಲ್ಲಿಯ ಯಾವುದೂ ನನಗೆ ಗೊತ್ತಿರಲಿಲ್ಲ, ಮದುವೆ ಆಗುವವರೆಗೆ ದೋಣಿ ಹತ್ತಿದವಳೂ ಅಲ್ಲ. ಕುಂದಾಪುರದ ಹತ್ತಿರ ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಸೇರಿ ಐದು ಹೊಳೆಗಳು ಒಟ್ಟಾಗಿ ಗಂಗೊಳ್ಳಿ ಅಳಿವೆಯಲ್ಲಿ ಸಮುದ್ರ ಸೇರುತ್ತವೆ, ಪಂಚಗಂಗಾವಳಿ ಅಂತಾರೆ. ಅಲ್ಲಿ ಸಣ್ಣ ದೊಡ್ಡ ಕುದ್ರುಗಳು ಹರಡಿಕೊಂಡಿವೆ. ಕೆಲವಕ್ಕೆ ಸೇತುವೆ ಬಂದಿದೆ, ನಮ್ಮದಕ್ಕೆ ಬಂದಿಲ್ಲ. ಹನ್ನೊಂದು ಮನೆ, ತೆಂಗಿನ ತೋಟ, ಒಂದು ದೈವದ ಗುಡಿ, ಅಂಚಿಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಅಷ್ಟೇ. ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರವೇ ಯಾರಾದರೂ ಡ್ರೋನ್ ಹಿಡಿದುಕೊಂಡು ಬರುತ್ತಾರೆ.

2020ರ ಡಿಸೆಂಬರಿನಲ್ಲಿ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಇಲ್ಲಿಗೆ ಬಂದೆವು. ಇದು ನನ್ನ ಗಂಡನ ಹುಟ್ಟಿದ ಮನೆ. ಮಾವ ತೀರಿಕೊಂಡ ಮೇಲೆ ಅತ್ತೆ ಒಬ್ಬರೇ ಇದ್ದರು. ಇವರ ಕೆಲಸ ಹೇಗೂ ಮನೆಯಿಂದಲೇ ನಡೆಯುತ್ತಿತ್ತು. ದೊಡ್ಡವಳಿಗೆ ಐದು ವರ್ಷ, ಯುಕೆಜಿ ಆನ್‌ಲೈನ್ ಕ್ಲಾಸು. ಸಣ್ಣವನಿಗೆ ಎರಡು. ಸಿಗ್ನಲ್ ಸಿಗುತ್ತಿದ್ದುದು ಬಾವಿಕಟ್ಟೆ ಪಕ್ಕದ ತೆಂಗಿನಮರದ ಬುಡದಲ್ಲಿ ಮಾತ್ರ. ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಇವಳನ್ನು ಕೂರಿಸುವುದು, ತಲೆ ಮೇಲೆ ಕಾಯಿ ಬಿದ್ದರೆ ಅಂತ ನಾನು ಮೇಲೆ ನೋಡುತ್ತಾ ನಿಲ್ಲುವುದು. ಅತ್ತ ಪರದೆಯಲ್ಲಿ ಇಪ್ಪತ್ತೆಂಟು ಮಕ್ಕಳು ಒಟ್ಟಿಗೆ "ಗುಡ್ ಮಾರ್ನಿಂಗ್ ಮಿಸ್" ಅನ್ನುತ್ತಿದ್ದರೆ ಇವಳು ಕಾಲಿನ ಹತ್ತಿರ ಬಂದ ಏಡಿ ನೋಡುತ್ತಿದ್ದಳು. ಮುಂದಿನ ವರ್ಷದ ಫೀಸು ಕಟ್ಟಿ ಅಂತ ಮೆಸೇಜು ಬಂತು. ಕಟ್ಟಲಿಲ್ಲ.

ಯಾಕೆ ಅಂತ ಸತ್ಯ ಹೇಳಿಬಿಡುತ್ತೇನೆ. ಒಂದು, ಕೊರೊನಾ. ಎರಡು, ಮಳೆಗಾಲದಲ್ಲಿ ಐದು ವರ್ಷದ ಮಗುವನ್ನು ದಿನಾ ದೋಣಿಯಲ್ಲಿ ಕಳಿಸುವ ಧೈರ್ಯ ನನಗೆ ಇರಲಿಲ್ಲ. ಮೂರನೆಯದು ಸ್ವಲ್ಪ ಜಂಬ. ಮೊಬೈಲಿನಲ್ಲಿ ಹೋಮ್‌ಸ್ಕೂಲಿಂಗ್ ಮಾಡುವ ತಾಯಂದಿರ ವಿಡಿಯೋ ನೋಡಿ ನೋಡಿ, ಶಾಲೆ ಅಂದರೆ ಮಕ್ಕಳನ್ನು ಅಚ್ಚಿಗೆ ಒತ್ತುವ ಕಾರ್ಖಾನೆ, ನಾವು ಹಾಗಲ್ಲಪ್ಪ, ಅನ್ನುವ ಭಾವನೆ ತಲೆಗೆ ಏರಿಬಿಟ್ಟಿತ್ತು.

ಜಂಬ ಇಳಿಸಿದ್ದು ಪಕ್ಕದ ಮನೆಯ ಅಜ್ಜಿ. ಅವರ ಮೂವರು ಮೊಮ್ಮಕ್ಕಳು ದಿನಾ ದೋಣಿ ದಾಟಿ ಆಚೆ ದಡದ ಸರಕಾರಿ ಶಾಲೆಗೆ ಹೋಗುತ್ತಾರೆ. ನಮ್ಮ ವಿಷಯ ಗೊತ್ತಾದ ದಿನ ಅಂಗಳದಲ್ಲಿ ನಿಂತು ಅಂದರು: "ನಾವ್ ಮಕ್ಳ್ ಶಾಲಿಗ್ ಹೋಪುಕೆ ಒಂದ್ ಸಂಕ ಮಾಡಿಕೊಡಿ ಅಂದೇಳಿ ಕೇಂತಾ ಇಪ್ಪುದ್, ನೀವ್ ಶಾಲಿಯೇ ಬ್ಯಾಡ ಅಂತ್ರಿ ಅಲೆ ಮಾರಾಯ್ರೆ."

ಬೈದದ್ದಲ್ಲ. ಸುಮ್ನೆ ಹೇಳಿದ್ದು. ಆದರೆ ಆ ಮಾತು ಈಗಲೂ ನನ್ನ ಕಿವಿಯಲ್ಲಿ ಇದೆ. ಕುದ್ರುವಿನವರು ಸಂಕಕ್ಕಾಗಿ, ಅಂದರೆ ಸೇತುವೆಗಾಗಿ, ಎಷ್ಟು ಅರ್ಜಿ ಬರೆದಿದ್ದಾರೋ, ಎಷ್ಟು ಚುನಾವಣೆಯಲ್ಲಿ ಎಷ್ಟು ಜನರಿಂದ ಮಾತು ತೆಗೆದುಕೊಂಡಿದ್ದಾರೋ. ಎಲ್ಲದರಲ್ಲೂ ಮೊದಲ ಕಾರಣ ಒಂದೇ, ಮಕ್ಕಳು ಶಾಲೆಗೆ ಹೋಗಬೇಕು. ಅಂಥ ಜಾಗಕ್ಕೆ ನಾನು ಬೆಂಗಳೂರಿಂದ ಬಂದು ಶಾಲೆ ಬೇಡ ಅಂದೆ!

ಮೊದಲು ಮಾಡಿದ ಕೆಲಸ, ಒಂದು ಪೆಟ್ಟಿಗೆ ತರಿಸಿದ್ದು. ಹದಿನಾರು ಸಾವಿರ ರೂಪಾಯಿಯ ಪೂರ್ತಿ ವರ್ಷದ ಕಿಟ್. ಫೋನಿಕ್ಸ್ ಕಾರ್ಡು, ಮರದ ಅಕ್ಷರ, ಬಣ್ಣ ಬಣ್ಣದ ಮಣಿ, ದಿನಕ್ಕೊಂದು ಪಾಠದ ಹಾಳೆ. ಆಚೆ ದಡದ ಅಂಗಡಿಯಲ್ಲಿ ಕೊರಿಯರ್‌ನವನು ಇಟ್ಟುಹೋಗಿದ್ದ, ದೋಣಿ ಅಣ್ಣ ತಲೆ ಮೇಲೆ ಹೊತ್ತು ತಂದುಕೊಟ್ಟರು. "ಎಂತ ಇದ್, ಟಿವಿಯಾ?" ಅಂತ ಕೇಳಿದರು. ಇಂಗ್ಲಿಷಿನ ಐ ಅಕ್ಷರಕ್ಕೆ ಇಗ್ಲೂ ಚಿತ್ರ. ಇಗ್ಲೂ ಅಂದರೆ ಏನು ಅಂತ ಹೇಳಲು ಮೊದಲು ಹಿಮ ಅಂದರೇನು ಅಂತ ಹೇಳಬೇಕು, ಅದಕ್ಕೆ ಫ್ರಿಜ್ ತೆರೆದು ತೋರಿಸಬೇಕು, ಅಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು. ಜುಲೈ ಹೊತ್ತಿಗೆ ಕಾರ್ಡುಗಳಿಗೆಲ್ಲ ಬೂಷ್ಟು ಹಿಡಿಯಿತು. ಇಲ್ಲಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತು ಅಂದರೆ ಉಪ್ಪಿನ ಭರಣಿ ಒಂದೇ ಇರಬೇಕು. ಅತ್ತೆ ಆ ಕಾರ್ಡುಗಳನ್ನು ಬಿಸಾಡಲಿಲ್ಲ, ಬಚ್ಚಲ ಒಲೆಯ ಪಕ್ಕ ಇಟ್ಟರು. ಒಂದೊಂದಾಗಿ ಬಿಸಿನೀರು ಕಾಯಿಸಿದವು.

ಎರಡನೆಯ ಕೆಲಸ, ಟೈಮ್ ಟೇಬಲ್. ಬೆಳಿಗ್ಗೆ ಒಂಬತ್ತಕ್ಕೆ ಕನ್ನಡ, ಹತ್ತಕ್ಕೆ ಲೆಕ್ಕ, ಹನ್ನೊಂದಕ್ಕೆ ಇಂಗ್ಲಿಷ್. ಗೋಡೆಗೆ ಅಂಟಿಸಿದೆ. ಒಂದು ವಾರ ನಡೆಯಿತೋ ಇಲ್ಲವೋ. ಇಲ್ಲಿ ಯಾವ ಕೆಲಸವೂ ಗಡಿಯಾರ ನೋಡಿಕೊಂಡು ನಡೆಯುವುದಿಲ್ಲ, ನೀರು ನೋಡಿಕೊಂಡು ನಡೆಯುತ್ತದೆ. ದಿನಕ್ಕೆ ಎರಡು ಸಲ ಭರತ, ಅಂದರೆ ನೀರು ಏರುವುದು, ಎರಡು ಸಲ ಇಳಿತ. ಭರತ ಇದ್ದಾಗ ದೋಣಿ ಮೆಟ್ಟಿಲಿಗೇ ಬಂದು ನಿಲ್ಲುತ್ತದೆ. ಪೂರ್ತಿ ಇಳಿದಾಗ ಮೆಟ್ಟಿಲಿನಿಂದ ದೋಣಿಯವರೆಗೆ ಮೊಣಕಾಲುದ್ದದ ಕೆಸರು, ಸೀರೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಹೋಗಬೇಕು. ಹಾಗಾಗಿ ರೇಷನ್ನು, ಗ್ಯಾಸ್ ಸಿಲಿಂಡರು, ಡಾಕ್ಟರು, ಸಂತೆ ಎಲ್ಲವೂ ನೀರಿನ ಮೇಲೆ ನಿರ್ಧಾರ. ಒಂಬತ್ತಕ್ಕೆ ಭರತ ಇದ್ದರೆ ಒಂಬತ್ತಕ್ಕೇ ಸಂತೆಗೆ ಹೋಗಬೇಕು, ಕನ್ನಡ ಪಾಠ ಅಂತ ಕೂತರೆ ಸಂಜೆವರೆಗೆ ಸಾಮಾನಿಲ್ಲ.

ಮಾರ್ಚಿನಿಂದ ಮೇವರೆಗೆ ಬಾವಿ ನೀರು ಉಪ್ಪಾಗುತ್ತದೆ, ಆಗ ಕುಡಿಯುವ ನೀರನ್ನೂ ಕ್ಯಾನಿನಲ್ಲಿ ಆಚೆಯಿಂದ ತರಬೇಕು. ಆ ಮೂರು ತಿಂಗಳು ಪಾಠ ಅರ್ಧ, ನೀರು ಹೊರುವುದು ಅರ್ಧ. ಅದರ ಬಗ್ಗೆ ಜಾಸ್ತಿ ಬರೆಯಲು ಏನೂ ಇಲ್ಲ, ಬೆನ್ನು ನೋಯುತ್ತದೆ ಅಷ್ಟೇ.

ಆದರೆ ಭರತದ ಲೆಕ್ಕ ನಮಗೆ ಬಂಗಾರದಂಥ ಪಾಠ ಆಯಿತು. ಇದನ್ನು ನಾನು ಯೋಜನೆ ಮಾಡಿ ಮಾಡಿದ್ದಲ್ಲ, ಹೇಳಿಬಿಡಬೇಕು. ದೊಡ್ಡವಳು ದಿನಾ ಕೇಳುತ್ತಿದ್ದಳು, "ನಾಳೆ ನೀರು ಎಷ್ಟು ಗಂಟೆಗೆ ತುಂಬುತ್ತೆ?" ದೋಣಿಯಲ್ಲಿ ಹೋದರೆ ಆಚೆ ಐಸ್‌ಕ್ಯಾಂಡಿ ಸಿಗುತ್ತದಲ್ಲ, ಅದಕ್ಕೆ. ಇವರು ಹೇಳಿದರು, ದಿನಕ್ಕೆ ಹೆಚ್ಚು ಕಮ್ಮಿ ಐವತ್ತು ನಿಮಿಷ ಮುಂದೆ ಹೋಗುತ್ತದೆ ಅಂತ. ಇವತ್ತು 6.10 ಆದರೆ ನಾಳೆ 7 ಗಂಟೆ. ನಾಡಿದ್ದು 7.50. ಅದರ ಮರುದಿನ? ಅವಳು 7.100 ಅಂದಳು. ಸರಿಯಾಗೇ ಕೂಡಿಸಿದ್ದಾಳೆ, ಅಲ್ವಾ? ಗಂಟೆಗೆ ಅರವತ್ತೇ ನಿಮಿಷ ಯಾಕೆ, ನೂರು ಯಾಕಿಲ್ಲ ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಳೆಯ ಗೋಡೆ ಗಡಿಯಾರ ಇಳಿಸಿ, ಬ್ಯಾಟರಿ ತೆಗೆದು, ಮುಳ್ಳು ಕೈಯಲ್ಲಿ ತಿರುಗಿಸುತ್ತಾ ಕೂತೆವು. 7.50ರಿಂದ ಹತ್ತು ನಿಮಿಷ ಹೋದರೆ ಎಂಟು, ಉಳಿದದ್ದು ನಲವತ್ತು. 8.40. ನಾಲ್ಕು ದಿನ ಅದೇ ಆಟ. ಕ್ಯಾಲೆಂಡರಿನ ಪ್ರತಿ ಚೌಕದಲ್ಲಿ ಬಳಪದಿಂದ ಭರತದ ಹೊತ್ತು ಬರೆಯಲು ಶುರು ಮಾಡಿದಳು, ಬೆಳಿಗ್ಗೆ ಎದ್ದ ಕೂಡಲೇ ಮೆಟ್ಟಿಲ ಹತ್ತಿರ ಓಡಿ, ಎಷ್ಟನೇ ಮೆಟ್ಟಿಲು ಮುಳುಗಿದೆ ಅಂತ ನೋಡಿ ಬರುವುದು.

ಒಂದು ದಿನ ಕ್ಯಾಲೆಂಡರ್ ಹಿಡಿದುಕೊಂಡು ಬಂದಳು. ಹದಿನೈದು ದಿನ ಆದ ಮೇಲೆ ಹೆಚ್ಚು ಕಮ್ಮಿ ಅದೇ ಹೊತ್ತು ಮತ್ತೆ ಬರುತ್ತದೆ ಅಂತ. ಹದಿನೈದು ಐವತ್ತಲೆ ಏಳುನೂರ ಐವತ್ತು ನಿಮಿಷ, ಹನ್ನೆರಡೂವರೆ ಗಂಟೆ, ಅಂದರೆ ರಾತ್ರಿಯ ಭರತ ಹಗಲಿಗೆ ಬಂದು ನಿಂತಿರುತ್ತದೆ. ಗುಣಾಕಾರ ನಾನು ಮಾಡಿದೆ, ಕಂಡುಹಿಡಿದದ್ದು ಅವಳು. ನನಗೆ ಮೈ ಜುಮ್ ಅಂದಿತು. ಅತ್ತೆಗೆ ಹೇಳಿದರೆ ಅವರು ಮೀನು ಕೊಯ್ಯುತ್ತಾ ತಲೆ ಕೂಡ ಎತ್ತಲಿಲ್ಲ: "ಅದೆಂತ ಲೆಕ್ಕ? ಅಮಾಸಿ ಹುಣ್ಣಿಮಿಗ್ ಊಟದ ಹೊತ್ತಿಗ್ ನೀರ್ ತುಂಬತ್ತ್. ತಿಥಿ ಕಂಡ್ರೆ ಸಾಕ್." ಅವರಿಗೆ ಗಡಿಯಾರವೇ ಬೇಡ, ಪಂಚಾಂಗ ಸಾಕು. ಅವತ್ತಿನಿಂದ ದೊಡ್ಡವಳಿಗೆ ಲೆಕ್ಕದ ಮೇಷ್ಟ್ರು ನಾನಲ್ಲ, ಅಜ್ಜಿ.

ಇಷ್ಟರವರೆಗೆ ಓದಿದವರಿಗೆ ಇದೇನೋ ಸ್ವರ್ಗ ಅನ್ನಿಸಬಹುದು. ತಾಳಿ.

ನಾವು ಮನೆಪಾಠ ಮಾಡುತ್ತೇವೆ ಅಂತ ಕುದ್ರುವಿನಲ್ಲಿ ಸುದ್ದಿ ಆಯಿತು. ಮನೆಪಾಠ ಅಂದರೆ ಇಲ್ಲಿ ಟ್ಯೂಷನ್ ಅಂತ ಅರ್ಥ. ಸಂಜೆ ಐದಕ್ಕೆ ಪಕ್ಕದ ಮನೆಯ ಮೂವರೂ ಚೀಲ ತೂಗಿಸಿಕೊಂಡು ನಮ್ಮ ಜಗಲಿಗೆ ಬಂದು ಕೂತರು. ಇಲ್ಲ, ಅದು ಹಾಗಲ್ಲ ಅಂತ ಹೇಗೆ ಹೇಳುವುದು? ಕೂರಿಸಿಕೊಂಡೆ. ಹಾಗೆ ಶಾಲೆ ಬೇಡ ಅಂದವಳ ಮನೆಯಲ್ಲಿ ಸಂಜೆ ಹೊತ್ತು ಸರಕಾರಿ ಪಠ್ಯಪುಸ್ತಕ, ಹೋಮ್‌ವರ್ಕು, ಕಾಪಿ ಬರೆಯುವುದು ಎಲ್ಲ ಶುರುವಾಯಿತು. ನಮ್ಮ ಮಕ್ಕಳಿಗೆ ಕನ್ನಡ ಬಂದದ್ದೇ ಈ ಮೂವರಿಂದ. ಬೆಂಗಳೂರಿಂದ ಬಂದಾಗ "ಅಮ್ಮಾ, ವಾಟರ್ ಬೇಕು" ಅನ್ನುತ್ತಿದ್ದ ಮಗಳು ಆರೇ ತಿಂಗಳಲ್ಲಿ "ಹೋಪ, ಬಪ್ಪ, ಕಾಂಬ" ಅನ್ನತೊಡಗಿದಳು. ಸಣ್ಣವನಿಗಂತೂ ಬೇರೆ ಕನ್ನಡವೇ ಗೊತ್ತಿಲ್ಲ. ತಿಪಟೂರಿನ ನಮ್ಮಮ್ಮ ಫೋನಿನಲ್ಲಿ ಮಾತಾಡಿದರೆ ಮಧ್ಯೆ ನಾನು ಅನುವಾದ ಮಾಡಬೇಕು.

ಓದುವುದು ಮಾತ್ರ ಬರಲಿಲ್ಲ. ದೊಡ್ಡವಳಿಗೆ ಆರು ತುಂಬಿತು, ಆರೂವರೆ ಆಯಿತು. ಅ ಆ ಇ ಈ ಬಾಯಿಪಾಠ ಬರುತ್ತದೆ, ತೋರಿಸಿದರೆ ಗುರುತು ಹತ್ತುವುದಿಲ್ಲ. ಒಂದು ಅಕ್ಷರ ತೋರಿಸಿದರೆ ಇನ್ನೊಂದು ಹೇಳುತ್ತಾಳೆ. "ಮಕ್ಕಳು ಅವರ ಹೊತ್ತಿಗೆ ಕಲಿಯುತ್ತಾರೆ" ಅಂತ ವಿಡಿಯೋಗಳಲ್ಲಿ ಹೇಳುತ್ತಾರಲ್ಲ, ಅದನ್ನೇ ನಾನೂ ಎಲ್ಲರಿಗೂ ಹೇಳುತ್ತಿದ್ದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ.

2022ರ ಆಗಸ್ಟಿನಲ್ಲಿ ಅವಳಿಗೆ ಏಳು ತುಂಬಿತು. ಅದೇ ವಾರ ನನ್ನ ತಂಗಿಯ ಮಗ, ಐದು ವರ್ಷ, ವಿಡಿಯೋ ಕಾಲಿನಲ್ಲಿ ಪೇಪರಿನ ಹೆಡ್ಡಿಂಗ್ ಓದಿ ತೋರಿಸಿದ. ತಂಗಿ ಏನೂ ಅನ್ನಲಿಲ್ಲ, ಅಷ್ಟೇ ಸಾಕಾಗಿತ್ತು. ಮರುದಿನ ಹೊರಗೆ ಜೋರು ಮಳೆ, ಮೂರು ದಿನದಿಂದ ದೋಣಿ ಇಲ್ಲ, ಒಣಗದ ಬಟ್ಟೆ ಮನೆ ತುಂಬ, ಸಣ್ಣವನಿಗೆ ಕೆಮ್ಮು. ನಾನು ಸ್ಲೇಟಿನ ಮೇಲೆ "ಕ" ಬರೆದು ಏನಿದು ಅಂದೆ. ಅವಳು ನನ್ನ ಮುಖ ನೋಡಿದಳು. ಅಕ್ಷರ ನೋಡಲಿಲ್ಲ, ನನ್ನ ಮುಖ ನೋಡಿ ಯಾವ ಉತ್ತರ ಹೇಳಿದರೆ ಆಗುತ್ತದೆ ಅಂತ ಹುಡುಕುತ್ತಿದ್ದಳು. "ತ?" ಅಂದಳು. ಸ್ಲೇಟು ಎತ್ತಿ ಅಂಗಳಕ್ಕೆ ಎಸೆದುಬಿಟ್ಟೆ. ಕಲ್ಲಿಗೆ ಬಿದ್ದು ಎರಡು ಹೋಳಾಯಿತು. ಅವಳು ಅಳಲಿಲ್ಲ. ಮಳೆಯಲ್ಲೇ ಹೋಗಿ ಎರಡೂ ಹೋಳು ತಂದು, ಲಂಗದಲ್ಲಿ ಒರೆಸಿ, ಜೋಡಿಸಿ ನೆಲದ ಮೇಲಿಟ್ಟಳು. ಆ ವಾರ ನಾನು ಪಾಠ ಮಾಡಲಿಲ್ಲ. ಇವರ ಹತ್ತಿರ, ಇದು ನನ್ನಿಂದ ಆಗಲ್ಲ, ಸೇರಿಸಿಬಿಡೋಣ ಅಂದೆ. ಮಳೆಗಾಲ ಮುಗಿಯಲಿ ಅಂದರು. ಮಳೆಗಾಲ ಮುಗಿದ ಮೇಲೆ ನಾನೇ ಮರೆತ ಹಾಗೆ ಮಾಡಿದೆ. ನಾಚಿಕೆ, ಅಷ್ಟೇ.

ಆ ಮಳೆಗಾಲದ ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಜೋರು ಮಳೆ ಬಂದರೆ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಕೊಡುತ್ತಾರಲ್ಲ. ಪಕ್ಕದ ಮನೆಯ ಮಕ್ಕಳು "ಡಿಸಿ ರಜಿ!" ಅಂತ ಕುಣಿಯುತ್ತಾ ಬಂದರು. ನಮ್ಮಿಬ್ಬರೂ ಪುಸ್ತಕ ಮುಚ್ಚಿದರು. ನಿಮಗೆಂಥ ರಜೆ, ನೀವು ಶಾಲೆಗೇ ಹೋಗಲ್ಲ ಅಂದೆ. ಉಡುಪಿ ಜಿಲ್ಲೆ ಪೂರ್ತಿ ರಜೆ, ನಮ್ಮ ಮನೆ ಉಡುಪಿ ಜಿಲ್ಲೆಯಲ್ಲೇ ಇದೆ, ಅಂತ ದೊಡ್ಡವಳು ವಾದ ಮಾಡಿದಳು. ಎದುರು ಮಾತಾಡಲು ಏನೂ ಇರಲಿಲ್ಲ. ಅವತ್ತು ಎಲ್ಲ ಸೇರಿ ನೇರ ಬಾಟಲಿಯ ತಲೆ ಕತ್ತರಿಸಿ, ಅದಕ್ಕೆ ಸ್ಕೇಲು ಕಟ್ಟಿ, ಅಂಗಳದಲ್ಲಿ ಮಳೆ ಅಳೆಯಲು ಇಟ್ಟರು. ಮರುದಿನ ಬೆಳಿಗ್ಗೆ 142 ಮಿ.ಮೀ. ರಜೆ ಕೊಟ್ಟದ್ದು ಸರಿ ಅಂತ ತೀರ್ಮಾನ ಮಾಡಿದರು.

2023ರ ಜನವರಿಯಲ್ಲಿ ಒಂದು ಮಧ್ಯಾಹ್ನ ಆಚೆ ದಡದ ಶಾಲೆಯ ಟೀಚರ್ ಬಂದರು. ಪೂರ್ತಿ ಇಳಿತದ ಹೊತ್ತು. ಕೆಸರಿನಲ್ಲಿ ನಡೆದು, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ರಿಜಿಸ್ಟರು. ಶಾಲೆಯಿಂದ ಹೊರಗೆ ಉಳಿದ ಮಕ್ಕಳ ಸಮೀಕ್ಷೆ. ನನಗೆ ಎದೆ ಢವಢವ. ಕಾನೂನು ಓದಿ ಇಟ್ಟುಕೊಂಡಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. ಹತ್ತಿರದ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಅಂತ ಅದರಲ್ಲಿ ಇದೆ, ಸೇರಿಸದ ಅಪ್ಪ ಅಮ್ಮನಿಗೆ ಶಿಕ್ಷೆ ಅಂತ ಇಲ್ಲ, ಮನೆಯಲ್ಲೇ ಕಲಿಸುವವರ ಬಗ್ಗೆ ಬೇರೆಯಾಗಿ ಒಂದು ಸಾಲೂ ಇಲ್ಲ. ಹದಿನಾಲ್ಕು ತುಂಬಿದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿ ಪರೀಕ್ಷೆ ಖಾಸಗಿಯಾಗಿ ಕಟ್ಟಬಹುದು. ಇದನ್ನೆಲ್ಲ ವಕೀಲರ ಹಾಗೆ ಒಂದೇ ಉಸಿರಿನಲ್ಲಿ ಹೇಳಿದೆ.

ಟೀಚರ್ ಕಾಲು ತೊಳೆದು ಜಗಲಿಯಲ್ಲಿ ಕೂತು, ನೀರು ಬೆಲ್ಲ ತೆಗೆದುಕೊಂಡು, ಎಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ: "ಓದ್ತಾಳಾ?"

ಇಲ್ಲ ಅಂದೆ. ಯಾರ ಹತ್ತಿರವೂ ಹಾಗೆ ನೇರವಾಗಿ ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಎಲ್ಲಿಂದ ಶುರು ಮಾಡಿದ್ರಿ?"

"ಅ ಆ ಇ ಈ..."

"ಅದನ್ನ ಬಿಟ್ಟುಬಿಡಿ ಮೇಡಂ. ರ ಗ ಸ ದ ಅ ಇಂದ ಶುರು ಮಾಡಿ."

ಅದು ನಲಿಕಲಿ ಪದ್ಧತಿ. ಅದರ ಬಗ್ಗೆ ನಾನು ಕೇಳಿಯೇ ಇರಲಿಲ್ಲ ಅಂದರೆ ನಂಬುತ್ತೀರಾ? ಫಿನ್‌ಲೆಂಡಿನ ಶಾಲೆ ಬಗ್ಗೆ ಗೊತ್ತಿತ್ತು, ಮಾಂಟೆಸ್ಸರಿ ಬಗ್ಗೆ ಗೊತ್ತಿತ್ತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ನಮ್ಮದೇ ರಾಜ್ಯದ ಸರಕಾರಿ ಶಾಲೆಗಳಿಗೆ ಹರಡಿದ ಪದ್ಧತಿ ಗೊತ್ತಿರಲಿಲ್ಲ. ಅದರಲ್ಲಿ ವರ್ಣಮಾಲೆಯ ಸಾಲು ಹಿಡಿದು ಹೋಗುವುದಿಲ್ಲ. ಮೊದಲು ಐದು ಅಕ್ಷರ: ರ, ಗ, ಸ, ದ, ಅ. ಬರೆಯಲು ಸುಲಭ, ಒಂದಕ್ಕೊಂದು ಆಕಾರ ಹತ್ತಿರ, ಮತ್ತೆ ಈ ಐದರಲ್ಲೇ ಕೂಡಲೇ ಪದ ಕಟ್ಟಬಹುದು. ಸರ, ರಸ, ದರ, ಅರಸ, ಅಗಸ. ಒತ್ತಿಲ್ಲ, ಕಾಗುಣಿತ ಇಲ್ಲ. ಅ ಆ ಇ ಈ ಕಲಿತ ಮಗುವಿಗೆ ಹದಿನೈದು ಅಕ್ಷರ ಬಂದರೂ ಓದಲು ಒಂದು ಪದ ಸಿಗುವುದಿಲ್ಲ. ಇಲ್ಲಿ ಐದು ಅಕ್ಷರಕ್ಕೆ ಐದಾರು ಪದ. ಇಷ್ಟು ಸರಳ ವಿಷಯ ನನಗೆ ಯಾಕೆ ಹೊಳೆಯಲಿಲ್ಲ ಅಂತ ಈಗಲೂ ಅನ್ನಿಸುತ್ತದೆ.

ಟೀಚರ್ ರಿಜಿಸ್ಟರಿನಲ್ಲಿ ಏನೋ ಬರೆದುಕೊಂಡರು. ಏನು ಬರೆದರು ಅಂತ ನಾನು ಕೇಳಲಿಲ್ಲ. ಭರತ ಏರುವವರೆಗೆ ಕೂತು, ಹೋಗುವಾಗ "ಒಂದು ದಿನ ಶಾಲೆಗೆ ಬನ್ನಿ, ಕಾರ್ಡು ನೋಡಿ" ಅಂದರು.

ಹೋದೆವು. ಒಂದರಿಂದ ಮೂರನೇ ತರಗತಿಯವರೆಗೆ ಒಟ್ಟಿಗೆ ಕೂತಿದ್ದರು, ಗುಂಪು ಗುಂಪಾಗಿ ನೆಲದ ಮೇಲೆ. ಗೋಡೆ ಮೇಲೆ ಕಲಿಕಾ ಏಣಿ, ಯಾರು ಯಾವ ಮೆಟ್ಟಿಲಿನಲ್ಲಿ ಇದ್ದಾರೆ ಅಂತ ಮಕ್ಕಳಿಗೇ ಗೊತ್ತು. ತಲೆ ಮೇಲೆ ದಾರ ಕಟ್ಟಿ ಅದಕ್ಕೆ ಮಕ್ಕಳು ಬರೆದ ಹಾಳೆ, ಚಿತ್ರ ತೂಗುಹಾಕಿದ್ದಾರೆ, ಅದಕ್ಕೆ ಚಪ್ಪರ ಅಂತಾರೆ. ನಾನು ಕಾರ್ಖಾನೆ ಅಂದುಕೊಂಡದ್ದು ಇದನ್ನಾ? ಎಲ್ಲ ಶಾಲೆಯೂ ಹೀಗಿರುತ್ತದೆ ಅಂತ ಹೇಳುತ್ತಿಲ್ಲ. ಆ ಟೀಚರ್ ಒಬ್ಬರೇ ಮೂರು ತರಗತಿ ನೋಡಿಕೊಂಡು, ಮಧ್ಯೆ ಮಧ್ಯೆ ಬಿಸಿಯೂಟದ ಲೆಕ್ಕ ಬರೆದುಕೊಂಡು ಸುಸ್ತಾಗಿ ಹೋಗಿದ್ದರು, ಅದೂ ಕಣ್ಣಿಗೆ ಕಾಣುತ್ತಿತ್ತು.

ಮನೆಗೆ ಬಂದು ಹಳೆಯ ಬೀಸುಬಲೆಯೊಂದನ್ನು ಜಗಲಿಯ ಮಾಡಿಗೆ ಅಡ್ಡ ಕಟ್ಟಿದೆವು. ನಮ್ಮ ಚಪ್ಪರ. ಬಟ್ಟೆ ಕ್ಲಿಪ್ಪಿನಲ್ಲಿ ಕಾರ್ಡು ಸಿಕ್ಕಿಸುವುದು. ಆ ದಿನಗಳಲ್ಲಿ ಅಂಗಳದಲ್ಲಿ ನಮ್ಮ ದೋಣಿ ಮಗುಚಿ ಹಾಕಿ ರಿಪೇರಿ ನಡೆಯುತ್ತಿತ್ತು. ಬಡಗಿ ಆಚಾರರು ಹಲಗೆ ಕೊಯ್ಯುವಾಗ ದೊಡ್ಡವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು. ನಾನು ಬಳಪದಲ್ಲಿ ಒಂದು ತುಂಡು ಹಲಗೆಯ ಮೇಲೆ ನಾಲ್ಕು ಅಕ್ಷರ ಬರೆದು ಅವಳ ಮುಂದೆ ಇಟ್ಟು ಒಳಗೆ ಬಂದೆ. ಮುಖ ನೋಡಬಾರದು ಅಂತ. ಒಲೆಯ ಮುಂದೆ ನಿಂತಿದ್ದೆ. ಹೊರಗಿನಿಂದ ಕೇಳುತ್ತಿತ್ತು. ಗ. ರ. ಗ. ಸ. ಆಮೇಲೆ ಸುಮಾರು ಹೊತ್ತು ಗರಗರ ಶಬ್ದ ಮಾತ್ರ. ಆಮೇಲೆ ಕಿರುಚಿದಳು: "ಅಮ್ಮಾ, ಗರಗಸ! ಆಚಾರ್ರ ಕೈಯಗೆ ಇತ್ತಲೇ, ಅದೇ!"

ಅವತ್ತಿನಿಂದ ಓದಿಬಿಟ್ಟಳು ಅಂತಲ್ಲ. ಕಾಗುಣಿತಕ್ಕೆ ಮತ್ತೆ ನಾಲ್ಕು ತಿಂಗಳು ಬೇಕಾಯಿತು. ಅದನ್ನು ಪಕ್ಕಾ ಮಾಡಿಸಿದ್ದು ಗಂಗೊಳ್ಳಿಯ ಬೋಟುಗಳು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ಬಂದರಿನಲ್ಲಿ ಒಂದರ ಪಕ್ಕ ಒಂದು ಕಟ್ಟಿಹಾಕಿರುತ್ತಾರೆ. ಪ್ರತಿಯೊಂದರ ಮೂತಿಯ ಮೇಲೆ ದೊಡ್ಡದಾಗಿ ಹೆಸರು. ದೇವರ ಹೆಸರು, ಮಕ್ಕಳ ಹೆಸರು, ಅಮ್ಮನ ಹೆಸರು. ಮಳೆ ಬಿಟ್ಟ ಹೊತ್ತಿಗೆ ಇವರು ಅವಳನ್ನು ಕರೆದುಕೊಂಡು ಹೋಗಿ, ಒಂದು ಬೋಟಿಗೆ ಒಂದು ರೂಪಾಯಿ ಅಂತ ಆಸೆ ತೋರಿಸಿದರು. ಮೊದಲ ದಿನ ಮೂರು ರೂಪಾಯಿ. ಜುಲೈ ಕೊನೆಗೆ ನಲವತ್ತು ದಾಟಿತು, ಒತ್ತಕ್ಷರ ಇದ್ದರೆ ಎರಡು ರೂಪಾಯಿ ಅಂತ ರೇಟು ಕೂಡ ಏರಿಸಿದ್ದಳು. ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಹೋದವು. ಅವಳಿಗೆ ಎಂಟು ತುಂಬಿತು.

ಸಣ್ಣವನ ಕಥೆಯೇ ಬೇರೆ. ಅವನಿಗೆ ಅಕ್ಷರದ ಹಂಬಲ ಇಲ್ಲ. ಅವನಿಗೆ ಗೊಂಬೆ. ಹತ್ತಿರದ ಉಪ್ಪಿನಕುದ್ರುವಿನಲ್ಲಿ ಕಾಮತರ ಮನೆತನದವರು ತಲೆತಲಾಂತರದಿಂದ ನಡೆಸಿಕೊಂಡು ಬಂದ ಯಕ್ಷಗಾನ ಗೊಂಬೆಯಾಟ ಇದೆ. ಕೊಗ್ಗ ಕಾಮತರ ಹೆಸರು ನೀವು ಕೇಳಿರಬಹುದು. ಯಕ್ಷಗಾನದ ಬಡಗುತಿಟ್ಟು ಶೈಲಿಯ ವೇಷದ್ದೇ ಮರದ ಗೊಂಬೆ, ದಾರದಲ್ಲಿ ಆಡಿಸುವುದು. ಒಮ್ಮೆ ತೋರಿಸಿದ್ದೇ ತಪ್ಪಾಯಿತು. ಆಮೇಲೆ ಮನೆಯ ಅಡಿಕೆ ಹಾಳೆ, ತೆಂಗಿನ ಚಿಪ್ಪು, ನನ್ನ ಹೊಲಿಗೆಯ ದಾರ ಎಲ್ಲ ರಾವಣ, ಹನುಮಂತ ಆಗಿ ಹೋದವು. ಎಡಗೈ ದಾರ ಎಳೆದರೆ ಬಲಗೈ ಏಳಬಾರದು, ಅದಕ್ಕೆ ಗಂಟು ಎಲ್ಲಿ ಹಾಕಬೇಕು ಅಂತ ಒಂದು ಗಂಟೆ ಮಾತಾಡದೆ ಕೂರುತ್ತಾನೆ. ಬೇರೆ ಯಾವುದಕ್ಕೂ ಐದು ನಿಮಿಷ ಕೂರುವವನಲ್ಲ.

ಏನೇನು ಆಗಲಿಲ್ಲ ಅಂತಲೂ ಬರೆಯಬೇಕು. ಇಂಗ್ಲಿಷ್ ಆಗಲಿಲ್ಲ, ಈಗಲೂ ಅರೆಬರೆ. ನಾನು ಮಾಡುತ್ತಿದ್ದ ಅಕೌಂಟ್ಸ್ ಕೆಲಸ ಪೂರ್ತಿ ಬಿಟ್ಟುಹೋಯಿತು. ಇವರ ಸಂಬಳ ಒಂದೇ. ಹೋಮ್‌ಸ್ಕೂಲಿಂಗ್ ಅಂದರೆ ಖರ್ಚು ಕಮ್ಮಿ ಅನ್ನುವವರು ತಾಯಿಯ ಕೆಲಸದ ಲೆಕ್ಕ ಹಾಕುವುದಿಲ್ಲ, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಇವರು ಒಳಗೆ ಮೀಟಿಂಗು ಅಂತ ಬಾಗಿಲು ಹಾಕಿಕೊಂಡರೆ ಹೊರಗೆ ಮೇಷ್ಟ್ರು, ಅಡುಗೆ, ಆಯಾ ಎಲ್ಲ ನಾನೇ. ಇದೇ ವಿಷಯಕ್ಕೆ ನಮ್ಮಿಬ್ಬರಿಗೆ ಆದ ಜಗಳ ಹನ್ನೊಂದು ಮನೆಗೂ ಕೇಳಿಸಿದೆ. ಕುದ್ರುವಿನಲ್ಲಿ ಗುಟ್ಟು ನಿಲ್ಲುವುದಿಲ್ಲ. ಆ ಜಗಳ ಆದ ಮೇಲೆ ಶನಿವಾರ ಪೂರ್ತಿ ಮಕ್ಕಳು ಅವರ ಜವಾಬ್ದಾರಿ ಅಂತ ಆಯಿತು. ಬೋಟು ಓದಿಸಿದ್ದೂ ಆ ಶನಿವಾರಗಳಲ್ಲೇ.

ಇನ್ನು ಶಾಲೆಗೆ ಸೇರಿದ್ದು. ಅದು ನಮ್ಮ ನಿರ್ಧಾರ ಅಲ್ಲ. 2024ರ ಏಪ್ರಿಲಿನಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ, ಗಂಜಿಗೆ ಉಪ್ಪಿನಕಾಯಿ ಹಾಕಿಕೊಳ್ಳುತ್ತಾ ದೊಡ್ಡವಳು ಹೇಳಿದಳು, "ನಾನು ಶಾಲೆಗೆ ಹೋಗ್ತೆ." ಯಾಕೆ ಅಂತ ಕೇಳಿದರೆ, ಪಕ್ಕದ ಮನೆಯವರು ಬೆಳಿಗ್ಗೆ ದೋಣಿಯಲ್ಲಿ ಹೋಗುವಾಗ ನಗುತ್ತಾ ಹೋಗುತ್ತಾರೆ, ಏನಕ್ಕೆ ನಗುತ್ತಾರೆ ಅಂತ ಸಂಜೆ ಕೇಳಿದರೆ ಅವರಿಗೆ ನೆನಪಿರುವುದಿಲ್ಲ, ಅದಕ್ಕೆ. ಇದಕ್ಕೆ ನಾನು ಏನು ಹೇಳಲಿ? ಅತ್ತೆ ಮಾತ್ರ ನನ್ನ ಕಡೆ ನೋಡಿ, ಇನ್ನೊಂದು ಸೌಟು ಗಂಜಿ ಬಡಿಸಿದರು.

ಸೇರಿಸುವುದು ಕಷ್ಟ ಆಗಬಹುದು ಅಂದುಕೊಂಡಿದ್ದೆ. ಟಿಸಿ ಇಲ್ಲ, ಒಂದು, ಎರಡು, ಮೂರನೇ ತರಗತಿಯ ಯಾವ ಕಾಗದವೂ ಇಲ್ಲ. ಆದರೆ ಅದೇ ಕಾಯ್ದೆಯಲ್ಲಿ, ಶಾಲೆಗೆ ಸೇರದೆ ಉಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ 4ನೇ ಸೆಕ್ಷನ್ ಇದೆ. ಸೇರಿಸದೆ ಇರಲು ಓದಿಟ್ಟುಕೊಂಡ ಕಾಯ್ದೆ ಸೇರಿಸಲು ಉಪಯೋಗಕ್ಕೆ ಬಂತು. ಜನನ ಪ್ರಮಾಣಪತ್ರ, ಆಧಾರ್ ಕೊಟ್ಟೆವು. ಅದೇ ಟೀಚರ್ ಒಂದು ಕಥೆ ಓದಿಸಿದರು, ಒಂದು ಭಾಗಾಕಾರ ಮಾಡಿಸಿದರು. ಭಾಗಾಕಾರ ತಪ್ಪಿತು. ನಾಲ್ಕನೇ ತರಗತಿಗೆ ಹಾಕಿಕೊಂಡರು.

ಮೊದಲ ವಾರ ಜೋರು ಮಳೆ. ಅವಳು ರೇನ್‌ಕೋಟು ಹಾಕಿಕೊಂಡು, ಲೈಫ್ ಜಾಕೆಟ್ಟಿನ ಮೇಲೆ ಚೀಲ ಏರಿಸಿಕೊಂಡು, ಪಕ್ಕದ ಮನೆಯವರ ಜೊತೆ ದೋಣಿ ಹತ್ತಿ ಹೋದಳು. ತಿರುಗಿ ನೋಡಲಿಲ್ಲ. ನಾನು ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಂತೇ ಇದ್ದೆ. ಪಕ್ಕದ ಅಜ್ಜಿ ಬಂದು ಪಕ್ಕದಲ್ಲಿ ನಿಂತರು. "ಇನ್ ನೀವೂ ಸಂಕದ ಅರ್ಜಿಗ್ ಸೈ ಹಾಕಿ" ಅಂದರು. ಹಾಕಿದೆ. ಹನ್ನೊಂದು ಮನೆಯ ಪಟ್ಟಿಯಲ್ಲಿ ಕೊನೆಯ ಸಹಿ ನಮ್ಮದು.

ಎರಡನೇ ವಾರದ ಭಾನುವಾರ ಸಂಜೆ ಅವಳು ಕ್ಯಾಲೆಂಡರ್ ಮುಂದೆ ಕೂತು ಬೆರಳು ಮಡಿಸುತ್ತಿದ್ದಳು. ಆಮೇಲೆ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ತುಂಬಾ ಹೊತ್ತು ಬರೆದು, ನನಗೆ ತೋರಿಸದೆ ಮಡಚಿ ಚೀಲಕ್ಕೆ ಹಾಕಿದಳು. ಅವಳು ಮಲಗಿದ ಮೇಲೆ ತೆಗೆದು ನೋಡಿದೆ. ಟೀಚರಿಗೆ ರಜಾ ಅರ್ಜಿ. "ಗುರುವಾರ ಬೆಳಿಗ್ಗೆ 9.20ಕ್ಕೆ ಪೂರ್ತಿ ಇಲಿತ ಇರುತ್ತದೆ. ದೋಣಿ ಮೆಟ್ಟಿಲಿಗೆ ಬರುವುದಿಲ್ಲ. ಶುಕ್ರವಾರ 10.10. ಎರಡು ದಿನ ತಡವಾಗಿ ಬರುತ್ತೇವೆ. ನಾವು ನಾಲ್ಕು ಜನ."

ಪೆನ್ನು ಕೈಯಲ್ಲೇ ಇತ್ತು. ಇಲಿತದ ಲ ತಿದ್ದಲಿಲ್ಲ. ಅದು ಟೀಚರ್ ಕೆಲಸ. ಹಾಳೆ ಮೊದಲಿನ ಹಾಗೇ ಮಡಚಿ, ಚೀಲಕ್ಕೆ ಹಾಕಿ, ಮಳೆಗೆ ನೆನೆಯದಿರಲಿ ಅಂತ ಮೇಲೊಂದು ಪ್ಲಾಸ್ಟಿಕ್ ಕವರು ಸುತ್ತಿದೆ.